ಐದನೆಯ ಕಾರಣ

ಪವರ್ ಪ್ರೆಸ್ಸಿಗೆ ಸಿಕ್ಕಿ ಕಾರ್ಮಿಕನೊಬ್ಬನ ಬೆರಳು ಹೋದರೆ, ಆಸ್ಪತ್ರೆಯಲ್ಲಿ ಅವನ ಗಾಯದ ಕಟ್ಟು ಬಿಚ್ಚುವ ಮೊದಲೇ ಆ ಬೆರಳಿನ ವೃತ್ತಾಂತ ಕಂಪ್ಯೂಟರ್ ಸೇರಿರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಅಪಘಾತದ ದಾಖಲೆ, ಅದರ ತನಿಖೆ, ವಿಮೆಯ ಕ್ಲೇಮು, ಪರಿಹಾರದ ಲೆಕ್ಕ ಎಲ್ಲಕ್ಕೂ ಈಗ ಒಂದೇ ತಂತ್ರಾಂಶ ಬಂದಿದೆ. ದಿನಾಂಕ, ಸಮಯ, ಶಿಫ್ಟು, ಯಂತ್ರದ ಸಂಖ್ಯೆ, ದೇಹದ ಯಾವ ಭಾಗ ಎಂಬುದನ್ನೆಲ್ಲ ತುಂಬುತ್ತ ಹೋದರೆ ಒಂದು ಕಡೆ ‘ಮೂಲ ಕಾರಣ’ ಎಂಬ ಖಾನೆ ಎದುರಾಗುತ್ತದೆ. ಅದು ಕಡ್ಡಾಯ, ತುಂಬದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಅದರ ಕೆಳಗೆ ಪಟ್ಟಿಯೊಂದು ಇಳಿಯುತ್ತದೆ: ಕಾರ್ಮಿಕನ ಅಜಾಗರೂಕತೆ, ರಕ್ಷಣಾ ಸಾಧನ ಧರಿಸದಿರುವುದು, ತರಬೇತಿಯ ಕೊರತೆ, ಯಂತ್ರದ ದೋಷ, ಇತರೆ. ಇವುಗಳಲ್ಲಿ ಒಂದನ್ನು ಆರಿಸಬೇಕು, ಒಂದನ್ನೇ ಆರಿಸಬೇಕು. ಇಂಥ ತಂತ್ರಾಂಶಕ್ಕೆ ಏನೇನು ಬೇಕು ಎಂದು ಪಟ್ಟಿ ಮಾಡುವ ಎಂಜಿನಿಯರು ಈ ಖಾನೆಯನ್ನು ಅರ್ಧ ಸಾಲಿನಲ್ಲಿ ಬರೆದು ಮುಗಿಸಿರುತ್ತಾನೆ. ಆದರೆ ಆ ಅರ್ಧ ಸಾಲು ತತ್ತ್ವಶಾಸ್ತ್ರದ ಅತಿ ಹಳೆಯ ವಿವಾದವೊಂದರಲ್ಲಿ ಪಕ್ಷ ವಹಿಸಿದೆ. ಆಗಿಹೋದದ್ದಕ್ಕೆಲ್ಲ ಒಬ್ಬ ಕರ್ತೃ ಇದ್ದಾನೆ, ಅವನನ್ನು ಬೆರಳಿಟ್ಟು ತೋರಿಸಬಹುದು ಎಂದು ಅದು ನಂಬಿದೆ. ಈ ನಂಬಿಕೆ ತಪ್ಪು ಎಂಬುದೂ, ಅದು ತಪ್ಪೆಂದು ನಮ್ಮ ದರ್ಶನಗಳೂ ಬಹಳ ತಡವಾಗಿ ಕಾನೂನೂ ಕಂಡುಕೊಂಡಿವೆ ಎಂಬುದೂ ನನ್ನ ವಾದ.

ಆ ಪ್ರೆಸ್ಸಿನ ಎದುರಿಗೇ ನಿಂತು ನೋಡೋಣ. ಎರಡು ಕೈಯಿಂದ ಎರಡು ಗುಂಡಿ ಒತ್ತಿದರಷ್ಟೇ ಡೈ ಕೆಳಗಿಳಿಯಬೇಕು ಎಂಬ ಏರ್ಪಾಟು ಇಂಥ ಯಂತ್ರಗಳಲ್ಲಿರುತ್ತದೆ. ಕೈ ಅಡ್ಡ ಬಂದರೆ ಯಂತ್ರವನ್ನು ತಡೆಯುವ ಸೆನ್ಸರೂ ಇರುತ್ತದೆ. ಒಂದು ಗುಂಡಿಯನ್ನು ಟೇಪು ಸುತ್ತಿ ಕಾಯಂ ಒತ್ತಿಟ್ಟುಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಗಂಟೆಗೆ ಹೆಚ್ಚು ಪೀಸು ಬೀಳುತ್ತವೆ. ಟೇಪು ಸುತ್ತಿದವನು ಆಪರೇಟರೇ ಇರಬಹುದು. ಆದರೆ ಟೇಪು ಸುತ್ತದೆ ಮುಟ್ಟಲಾಗದ ಟಾರ್ಗೆಟ್ಟನ್ನು ಗೋಡೆಯ ಬೋರ್ಡಿನ ಮೇಲೆ ಬರೆದವರು ಬೇರೆ. ಸೆನ್ಸರು ಕೆಟ್ಟು ತಿಂಗಳಾಗಿರಬಹುದು, ಹೊಸದಕ್ಕೆ ಹಾಕಿದ ಬೇಡಿಕೆ ಪರ್ಚೇಸ್ ವಿಭಾಗದಲ್ಲಿ ಸಹಿಗೆ ಕಾಯುತ್ತಿರಬಹುದು. ಆಪರೇಟರು ಗುತ್ತಿಗೆದಾರ ಕಳಿಸಿದ ಹೊಸಬನಾಗಿದ್ದು, ಸೂಪರ್‌ವೈಸರಿನ ಭಾಷೆ ಅವನಿಗೆ ತಿಳಿಯದೆ ತರಬೇತಿಯೆಲ್ಲ ಕೈಸನ್ನೆಯಲ್ಲೇ ಮುಗಿದಿರಬಹುದು. ಅದು ಅವನ ಎರಡನೆಯ ಶಿಫ್ಟೂ ಆಗಿರಬಹುದು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಬೆರಳು ಉಳಿಯುತ್ತಿತ್ತು. ಹೀಗಿರುವಾಗ ಒಂದನ್ನು ‘ಮೂಲ’ ಎಂದು ಕರೆಯುವುದು ಶೋಧನೆಯಲ್ಲ, ಆಯ್ಕೆ. ಆಯ್ಕೆ ಮಾಡುವವರು ಕೀಬೋರ್ಡಿನ ಮುಂದೆ ಕೂತವರು, ಮತ್ತು ಅವರು ಆರಿಸುವ ಕಾರಣ ಸಾಮಾನ್ಯವಾಗಿ ಅವರಿಗಿಂತ ಕೆಳಗಿನ ಮೆಟ್ಟಿಲಿನಲ್ಲಿ ಇರುತ್ತದೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇದನ್ನೇ ಎತ್ತಿಕೊಳ್ಳುತ್ತದೆ. ಯಾವುದೇ ಕ್ರಿಯೆ ಆಗಬೇಕಾದರೆ ಐದು ಸೇರಬೇಕು ಎನ್ನುತ್ತದೆ 14ನೆಯ ಶ್ಲೋಕ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಇಷ್ಟಿದ್ದೂ ತಾನೊಬ್ಬನೇ ಕರ್ತೃ ಎಂದು ಕಾಣುವವನ ಬುದ್ಧಿ ಪಕ್ವವಾಗಿಲ್ಲ, ಅವನು ಕಂಡರೂ ಕಾಣದವನು ಎಂಬುದು ಅದರ ನಂತರದ ಮಾತಿನ ಸಾರ. ಶಂಕರರು ಅಧಿಷ್ಠಾನವೆಂದರೆ ಶರೀರ ಎಂದರು, ದೈವವೆಂದರೆ ಇಂದ್ರಿಯಗಳನ್ನು ಅನುಗ್ರಹಿಸುವ ಆದಿತ್ಯಾದಿ ದೇವತೆಗಳು ಎಂದರು. ರಾಮಾನುಜರು ದೈವದ ಸ್ಥಾನದಲ್ಲಿ ಅಂತರ್ಯಾಮಿಯಾದ ಪರಮಾತ್ಮನನ್ನೇ ಕಂಡರು. ಇಬ್ಬರ ಗುರಿಯೂ ಅಹಂಕಾರದ ನಿರಸನವೇ ಹೊರತು ಅಪಘಾತದ ತನಿಖೆಯಲ್ಲ. ಹಾಗಾಗಿ ಅಧಿಷ್ಠಾನವನ್ನು ಕಾರ್ಖಾನೆಯ ನೆಲಕ್ಕೂ ಕರಣವನ್ನು ಯಂತ್ರಕ್ಕೂ ಚೇಷ್ಟೆಯನ್ನು ಶಿಫ್ಟಿನ ಕೆಲಸದ ಓಟಕ್ಕೂ ಹೊಂದಿಸುವುದು ನಾನು ಮಾಡುತ್ತಿರುವ ವಿಸ್ತರಣೆ. ಭಾಷ್ಯಕಾರರ ಮೇಲೆ ಅದನ್ನು ಹೊರಿಸುವುದಿಲ್ಲ. ಆದರೂ ವಿಸ್ತರಣೆ ಅನ್ಯಾಯದ್ದೇನಲ್ಲ. ‘ನಾನೊಬ್ಬನೇ ಮಾಡಿದೆ’ ಎಂಬ ಹೆಮ್ಮೆ ಯಾವ ದೃಷ್ಟಿದೋಷದಿಂದ ಹುಟ್ಟುತ್ತದೋ ‘ಅವನೊಬ್ಬನೇ ಮಾಡಿದ’ ಎಂಬ ದೂರೂ ಅದೇ ದೋಷದಿಂದ ಹುಟ್ಟುತ್ತದೆ. ಗೀತೆಯನ್ನು ಓದಿದವರು ಮೊದಲನೆಯದನ್ನು ತಮ್ಮ ಬಗ್ಗೆ ಎಂದು ಎಚ್ಚರಿಕೆಯಿಂದ ಕೇಳಿಸಿಕೊಳ್ಳುತ್ತಾರೆ. ಎರಡನೆಯದು ಆಫೀಸಿನ ವೇಳೆಯಲ್ಲಿ ನೆನಪಿಗೆ ಬರುವುದು ಕಡಿಮೆ.

ಆ ಒಂಟಿ ಕಾರಣದ ಖಾನೆ ಎಲ್ಲಿಂದ ಬಂತು ಎಂಬುದಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ವಿಲಿಯಂ ಹೈನ್‌ರಿಕ್ 1931ರಲ್ಲಿ ಕೈಗಾರಿಕಾ ಅಪಘಾತಗಳ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ವಿಮಾ ಕ್ಲೇಮುಗಳ ಕಡತಗಳನ್ನೂ ಕಾರ್ಖಾನೆ ಮಾಲೀಕರ ದಾಖಲೆಗಳನ್ನೂ ಸೇರಿಸಿ 75,000 ಪ್ರಕರಣ ನೋಡಿದೆ, ಅವುಗಳಲ್ಲಿ ಶೇ. 88 ಮನುಷ್ಯರ ಅಪಾಯಕಾರಿ ವರ್ತನೆಯಿಂದ, ಶೇ. 10 ಅಪಾಯಕಾರಿ ಪರಿಸ್ಥಿತಿಯಿಂದ, ಉಳಿದ ಶೇ. 2 ತಪ್ಪಿಸಲಾಗದವು ಎಂದರು. ಈ 88 ಇಂದಿಗೂ ಸುರಕ್ಷತಾ ತರಗತಿಗಳಲ್ಲಿ ಓಡಾಡುತ್ತಿದೆ. ಆದರೆ ಆ ಕಡತಗಳನ್ನು ಬರೆದವರು ಯಾರು? ಮೇಸ್ತ್ರಿಗಳು, ಮ್ಯಾನೇಜರುಗಳು, ವಿಮೆಯ ಹಣ ಉಳಿಸಬೇಕಾದವರು. ಪ್ರತಿ ಪ್ರಕರಣಕ್ಕೂ ಒಂದೇ ಕಾರಣ ಹಚ್ಚಿದ್ದರಿಂದ ಮೂರೂ ಅಂಕಿ ಕೂಡಿ ಅಚ್ಚುಕಟ್ಟಾಗಿ ನೂರಾಯಿತು. ಹಲವು ಕಾರಣಗಳಿಗೆ ಜಾಗ ಕೊಟ್ಟಿದ್ದರೆ ಮೊತ್ತ ನೂರನ್ನು ಎಷ್ಟೋ ಮೀರುತ್ತಿತ್ತು. ಕಡತಕ್ಕೆ ಕೇಳಿದ ಪ್ರಶ್ನೆಯನ್ನೇ ಕಡತ ಉತ್ತರವಾಗಿ ಮರಳಿಸಿತು. ಇನ್ನೂ ಸ್ವಾರಸ್ಯವೆಂದರೆ ಹೈನ್‌ರಿಕ್ಕರ ಪ್ರಸಿದ್ಧ ಡಾಮಿನೊ ಸಿದ್ಧಾಂತದಲ್ಲೂ ಐದೇ ಬಿಲ್ಲೆಗಳು, ಮತ್ತು ಸಾಲಿನ ಮೊದಲ ಬಿಲ್ಲೆಯೇ ಕಾರ್ಮಿಕನ ವಂಶ ಮತ್ತು ಸಾಮಾಜಿಕ ಹಿನ್ನೆಲೆ. ಎರಡನೆಯದು ಅವನ ಸ್ವಭಾವದ ದೋಷ. ನಮ್ಮಲ್ಲಿ ಹಣೆಬರಹ ಎನ್ನುವುದನ್ನು ಹಾರ್ಟ್‌ಫರ್ಡ್‌ನ ಆ ವಿಮಾ ಕಂಪನಿ ವಿಜ್ಞಾನದ ಹೆಸರಿನಲ್ಲಿ ಹೇಳಿತು, ಅಷ್ಟೆ. ಗೀತೆಯ ಐದು ಸಾಲಾಗಿ ಬೀಳುವ ಬಿಲ್ಲೆಗಳಲ್ಲ. ಒಂದೆಡೆ ಕೂಡುವ ಐದು. ಅದರಲ್ಲಿ ದೈವ ಕೊನೆಗೆ ಬರುತ್ತದೆ, ಮೊದಲಿಗಲ್ಲ.

ಒಬ್ಬ ಕರ್ತೃವನ್ನು ಹುಡುಕುವ ಚಟ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಭೋಪಾಲ್ ಸಾಕ್ಷಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿಗೆ ನೀರು ಸೇರಿ ಮೀಥೈಲ್ ಐಸೋಸಯನೇಟ್ ಹೊರನುಗ್ಗಿತು. ಅತೃಪ್ತ ನೌಕರನೊಬ್ಬ ಬೇಕೆಂದೇ ನೀರು ಬಿಟ್ಟ ಎಂಬುದು ಕಂಪನಿಯ ವಾದ. ವಾದಕ್ಕಾಗಿ ಒಪ್ಪಿಕೊಳ್ಳೋಣ, ಒಬ್ಬ ಕೊಳಾಯಿ ತಿರುಗಿಸಿದ. ಆದರೆ ಟ್ಯಾಂಕನ್ನು ತಣ್ಣಗಿಡಬೇಕಿದ್ದ ಶೈತ್ಯೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲವನ್ನು ಸುಡಬೇಕಿದ್ದ ಗೋಪುರದ ಪೈಪು ದುರಸ್ತಿಗೆಂದು ಕಳಚಿತ್ತು. ಅನಿಲವನ್ನು ತೊಳೆಯಬೇಕಿದ್ದ ಘಟಕ ಅಂಥ ಪ್ರಮಾಣಕ್ಕೆ ಸಾಲುವಂಥದ್ದಾಗಿರಲಿಲ್ಲ. ಸುತ್ತ ಜನವಸತಿ ಒತ್ತೊತ್ತಾಗಿ ಬೆಳೆದಿತ್ತು. ಅಧಿಷ್ಠಾನ, ಕರಣ, ಚೇಷ್ಟೆ ಮೂರೂ ಮೊದಲೇ ಸಿದ್ಧವಾಗಿ ಕಾಯುತ್ತಿದ್ದವು. ಕೊಳಾಯಿ ತಿರುಗಿಸಿದವನ ಹೆಸರು ಸಿಕ್ಕಿದ್ದರೂ ಆ ರಾತ್ರಿಯ ಸಾವುಗಳ ವಿವರಣೆ ಅಷ್ಟರಿಂದ ಪೂರ್ಣವಾಗುತ್ತಿರಲಿಲ್ಲ. ‘ಮೂಲ ಕಾರಣ’ದ ಖಾನೆಯಲ್ಲಿ ಮಾತ್ರ ಪೂರ್ಣವಾಗುತ್ತಿತ್ತು.

ಇಲ್ಲಿ ಕರ್ಮಸಿದ್ಧಾಂತದ ಮಾತು ಬಂದೇ ಬರುತ್ತದೆ. ಬೆರಳು ಕಳೆದುಕೊಂಡವನ ಮನೆಯಲ್ಲಿ ‘ನಮ್ಮ ಕರ್ಮ’ ಎಂಬ ಮಾತು ಏಳುತ್ತದೆ, ಅದಕ್ಕೆ ಸಾಂತ್ವನದ ಶಕ್ತಿಯೂ ಇದೆ. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಕರ್ಮ ಎನ್ನುವುದು ನೊಂದವನು ತನ್ನ ಬಗ್ಗೆ ತಾನು ಹೇಳಿಕೊಳ್ಳಬಹುದಾದ ಮಾತು. ನೋಯಿಸಿದ ವ್ಯವಸ್ಥೆ ಅವನ ಬಗ್ಗೆ ಬರೆದಿಡಬಹುದಾದ ಮಾತಲ್ಲ. ಮಾಲೀಕ ‘ಅವನ ಹಣೆಬರಹ’ ಎಂದ ಕ್ಷಣವೇ ಅದು ಸಾಂತ್ವನದಿಂದ ಸಮರ್ಥನೆಗೆ ಜಾರುತ್ತದೆ. ಬೌದ್ಧರ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ನೇರವಾಗಿ ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವವರಿದ್ದಾರೆ, ನೀವೇನನ್ನುತ್ತೀರಿ? ಬುದ್ಧ ಎಂಟು ಕಾರಣ ಎಣಿಸುತ್ತಾನೆ. ಪಿತ್ತ, ಕಫ, ವಾತ, ಮೂರರ ಕೂಟ, ಋತುಗಳ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಕಡೆಯದಾಗಿ ಕರ್ಮದ ವಿಪಾಕ. ಎಲ್ಲವೂ ಹಿಂದಿನ ಕರ್ಮವೇ ಎನ್ನುವವರು ತಾವೇ ಅರಿತದ್ದನ್ನೂ ಲೋಕ ಸತ್ಯವೆಂದು ಒಪ್ಪಿದ್ದನ್ನೂ ದಾಟಿ ಹೋಗುತ್ತಾರೆ ಎಂಬುದು ಅವನ ತೀರ್ಪು. ಕರ್ಮವನ್ನು ನಂಬಿದ ಗುರುವೇ ಅದನ್ನು ಎಂಟರಲ್ಲಿ ಒಂದಾಗಿಸಿ, ಹೊರಗಿನ ಪೆಟ್ಟಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ಕಣ್ಣಿಗೆ ಕಾಣುವ ಕಾರಣಗಳನ್ನು ಪರೀಕ್ಷಿಸಿ ಮುಗಿಸುವ ಮುನ್ನ ಕಾಣದ ಕಾರಣಕ್ಕೆ ಕೈಹಾಕುವುದು ಭಕ್ತಿಯಲ್ಲ, ಸೋಮಾರಿತನ.

ಚುರುಕಾದ ಓದುಗರು ಇಲ್ಲಿ ಗೀತೆಯ ಅದೇ ಅಧ್ಯಾಯದ 17ನೆಯ ಶ್ಲೋಕವನ್ನು ಮುಂದಿಡಬಹುದು. ಅಹಂಭಾವವಿಲ್ಲದವನು, ಬುದ್ಧಿಗೆ ಲೇಪವಿಲ್ಲದವನು, ಕೊಂದರೂ ಕೊಂದವನಲ್ಲ ಎಂಬರ್ಥದ ಮಾತು ಅದು. ಕಾರಣಗಳನ್ನು ಐದಕ್ಕೆ ಹಂಚಿದರೆ ಯಾರೂ ಹೊಣೆಯಲ್ಲ ಎಂದಾಗುವುದಿಲ್ಲವೇ? ಮ್ಯಾನೇಜರು ‘ನಾನು ನಿಮಿತ್ತಮಾತ್ರ’ ಎಂದು ಕೈತೊಳೆದುಕೊಂಡರೆ? ಇದು ಗಟ್ಟಿಯಾದ ಆಕ್ಷೇಪ. ಆದರೆ ಆ ನಿರ್ಲೇಪದ ರಿಯಾಯಿತಿ ಫಲವನ್ನು ಬಿಟ್ಟವನಿಗೆ ಮಾತ್ರ. ಪ್ರತಿ ಪೀಸಿನ ಲಾಭವನ್ನು ತನ್ನದೆಂದು ಲೆಕ್ಕಕ್ಕೆ ತೆಗೆದುಕೊಳ್ಳುವವನು ಪ್ರತಿ ಬೆರಳಿನ ನಷ್ಟದ ಹೊತ್ತಿಗೆ ನಿಷ್ಕಾಮಿಯಾಗಲು ಬರುವುದಿಲ್ಲ. ಕಾರಣಗಳು ಹಂಚಿಹೋಗಿವೆ ಎನ್ನುವುದು ಬೇರೆ, ಋಣ ಯಾರದು ಎನ್ನುವುದು ಬೇರೆ. ಕಾನೂನಿಗೆ ಈ ವ್ಯತ್ಯಾಸ ಕಲಿಯಲು ಬಹುಕಾಲ ಹಿಡಿಯಿತು. 1837ರಲ್ಲಿ ಇಂಗ್ಲೆಂಡಿನ ಕೋರ್ಟೊಂದು ಅತಿಭಾರ ಹೇರಿದ ಗಾಡಿಯಿಂದ ಬಿದ್ದು ಗಾಯಗೊಂಡ ಕಟುಕನ ಆಳಿಗೆ, ಅಪಾಯ ಯಜಮಾನನಷ್ಟೇ ನಿನಗೂ ಗೊತ್ತಿತ್ತಲ್ಲ ಎಂಬ ಧಾಟಿಯಲ್ಲಿ ಪರಿಹಾರ ನಿರಾಕರಿಸಿತು. ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಅಪಘಾತ ವಿಮೆಯನ್ನು ಜರ್ಮನಿಯಲ್ಲಿ ಬಿಸ್ಮಾರ್ಕ್ 1884ರಲ್ಲಿ ತಂದ. ಬ್ರಿಟನ್ನಿನಲ್ಲಿ 1897ರ ಕಾಯಿದೆ ಬಂತು, ಭಾರತದಲ್ಲಿ 1923ರದು. ಉದ್ಯೋಗದಿಂದಾಗಿ, ಉದ್ಯೋಗದ ಅವಧಿಯಲ್ಲಿ ಗಾಯವಾಯಿತೇ ಎಂಬುದಷ್ಟೇ ಭಾರತದ ಈ ಕಾಯಿದೆಯ ಮುಖ್ಯ ಪ್ರಶ್ನೆ. ಕುಡಿದಿದ್ದ, ಬೇಕೆಂದೇ ಗಾರ್ಡ್ ತೆಗೆದ ಎಂಬ ವಾದಗಳಿಗೆ ಅದರಲ್ಲಿ ಜಾಗವಿದೆ, ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಶಕ್ತತೆ ಉಂಟಾದರೆ ಆ ವಾದಗಳೂ ನಡೆಯುವುದಿಲ್ಲ. 1986ರಲ್ಲಿ ದೆಹಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಅಪಾಯದ ಉದ್ಯಮವನ್ನು ಲಾಭಕ್ಕಾಗಿ ನಡೆಸುವವರು ಅದರಿಂದಾದ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಹೊಣೆ ಎಂದಿತು. ಫಲ ಉಂಡವನದೇ ಋಣ ಎಂಬ ತರ್ಕ ಅಲ್ಲಿದೆ. ಇದಕ್ಕೆ ಒಬ್ಬ ಪಾಪಿಯನ್ನು ಗುರುತಿಸುವ ಅಗತ್ಯವೇ ಇಲ್ಲ.

ಇನ್ನೊಂದು ಆಕ್ಷೇಪ ಎಂಜಿನಿಯರುಗಳದು. ಕಾರಣಗಳನ್ನು ಬಿಟ್ಟರೆ ಅವು ಎಲ್ಲಿ ನಿಲ್ಲುತ್ತವೆ? ಸೆನ್ಸರಿನ ಹಿಂದೆ ಪರ್ಚೇಸ್, ಅದರ ಹಿಂದೆ ಬಜೆಟ್, ಅದರ ಹಿಂದೆ ಗಿರಾಕಿಯ ಬೆಲೆ, ಅದರ ಹಿಂದೆ ಪ್ರಪಂಚದ ಮಾರುಕಟ್ಟೆ. ಕೊನೆಗೆ ಸೃಷ್ಟಿಕರ್ತನ ಹೆಸರನ್ನೇ ಡ್ರಾಪ್‌ಡೌನಿಗೆ ಸೇರಿಸಬೇಕಾದೀತು! ನೈಯಾಯಿಕರು ಈ ತೊಡಕನ್ನು ಬಲ್ಲವರು. ಮಡಕೆಗೆ ಮಣ್ಣು ಕಾರಣ, ಚಕ್ರವನ್ನು ತಿರುಗಿಸುವ ಕೋಲು ಕಾರಣ, ಕುಂಬಾರ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮೊದಲೇ ಇದ್ದರೂ ಕಾರಣವಲ್ಲ, ಏಕೆಂದರೆ ಮಣ್ಣು ಬೇರೆ ದಾರಿಯಲ್ಲೂ ಬರುತ್ತಿತ್ತು. ಕುಂಬಾರನ ಅಪ್ಪನೂ ಕಾರಣವಲ್ಲ. ಅವನು ಕುಂಬಾರನಿಗೆ ಅಪ್ಪ, ಮಡಕೆಗಲ್ಲ. ಇಂಥವನ್ನು ಅವರು ಅನ್ಯಥಾಸಿದ್ಧ ಎಂದು ಬದಿಗಿಟ್ಟರು. ದೂರದ ಮುಖ್ಯ ಕಚೇರಿ ತನ್ನನ್ನು ಕುಂಬಾರನ ಅಪ್ಪನ ಸ್ಥಾನದಲ್ಲಿ ಇಟ್ಟುಕೊಳ್ಳಲು ಬಯಸುವುದು ಸಹಜ: ನಾವು ಕಾರ್ಖಾನೆ ಕಟ್ಟಿದವರು, ಪ್ರೆಸ್ಸು ಓಡಿಸಿದವರಲ್ಲ ಎಂದು. ಆದರೆ ಅಪ್ಪನೇ ಆ ಬೆಳಿಗ್ಗೆ ಫೋನು ಮಾಡಿ ಚಕ್ರದ ವೇಗ ಹೆಚ್ಚಿಸು ಎಂದಿದ್ದರೆ ಅವನು ಅಪ್ಪನಾಗಿ ಅಲ್ಲದಿದ್ದರೂ ಆಜ್ಞೆಯಿತ್ತವನಾಗಿ ಕಾರಣದ ಒಳಗೇ ಬರುತ್ತಾನೆ. ತಿಂಗಳ ಟಾರ್ಗೆಟ್ಟು, ನಿಲ್ಲಿಸಿದ ದುರಸ್ತಿ, ಕಡಿತಗೊಂಡ ತರಬೇತಿಯ ದಿನಗಳು ಅಂಥ ಆಜ್ಞೆಗಳೇ. ತಂತ್ರಾಂಶಕ್ಕೆ ಬೇಕಾದ ಗೆರೆ ಇಲ್ಲೇ ಸಿಗುತ್ತದೆ. ಇದು ಬದಲಾಗಿದ್ದರೆ ಗಾಯ ತಪ್ಪುತ್ತಿತ್ತೇ, ಇದನ್ನು ಬದಲಿಸುವುದು ಯಾರೊಬ್ಬರ ಕೈಯಲ್ಲಾದರೂ ಇತ್ತೇ ಎಂಬ ಎರಡು ಪ್ರಶ್ನೆಗೆ ಹೌದು ಎಂಬ ಉತ್ತರ ಬರುವ ಪ್ರತಿಯೊಂದೂ ದಾಖಲಾಗಲಿ. ಕತ್ತೆ ತಾನಾಗಿ ಹೊರಗುಳಿಯುತ್ತದೆ.

ಆದರೆ ಖಾನೆಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸತ್ಯ ಒಳಗೆ ಬರುವುದಿಲ್ಲ. ತಪ್ಪು ಹುಡುಕುವುದು, ಹಣ ಕೊಡುವುದು, ಪಾಠ ಕಲಿಯುವುದು ಮೂರನ್ನೂ ಒಂದೇ ಕಡತಕ್ಕೆ ಕಟ್ಟಿಹಾಕಿರುವುದು ಇನ್ನೂ ದೊಡ್ಡ ತೊಡಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆಯ ನಿಯಮದಲ್ಲಿ ಒಂದು ಟಿಪ್ಪಣಿಯಿದೆ: ಗಾಯವನ್ನು ದಾಖಲಿಸಿದ ಮಾತ್ರಕ್ಕೆ ಮಾಲೀಕನದಾಗಲಿ ಕಾರ್ಮಿಕನದಾಗಲಿ ತಪ್ಪೆಂದು ಅರ್ಥವಲ್ಲ, ಪರಿಹಾರಕ್ಕೆ ಅರ್ಹತೆ ಬಂತೆಂದೂ ಅರ್ಥವಲ್ಲ. ಒಳ್ಳೆಯ ಮಾತು. ಆದರೆ ನೂರು ಮಂದಿ ವರ್ಷವಿಡೀ ದುಡಿಯುವ 2,00,000 ಗಂಟೆಗೆ ಎಷ್ಟು ಗಾಯ ಎಂಬ ದರವನ್ನು ಇದೇ ದಾಖಲೆಯಿಂದ ತೆಗೆಯುತ್ತಾರೆ, ಆ ದರ ನೋಡಿ ಕಂಪನಿಗಳಿಗೆ ಗುತ್ತಿಗೆ ಸಿಗುವುದೂ ತಪ್ಪುವುದೂ ಇದೆ. ಅದೇ ನಿಯಮದ ಪ್ರಕಾರ ಗಾಯದ ಅಂಚುಗಳನ್ನು ಅಂಟುಪಟ್ಟಿಯಿಂದ ಕೂಡಿಸಿದರೆ ಅದು ಪ್ರಥಮ ಚಿಕಿತ್ಸೆ, ಲೆಕ್ಕಕ್ಕಿಲ್ಲ. ಹೊಲಿಗೆ ಹಾಕಿದರೆ ವೈದ್ಯಕೀಯ ಚಿಕಿತ್ಸೆ, ಲೆಕ್ಕಕ್ಕುಂಟು. ಹಾಗಾದಾಗ ವೈದ್ಯರ ಸೂಜಿಯ ಮೇಲೂ ಲೆಕ್ಕಪತ್ರದ ಕಣ್ಣು ಬೀಳುತ್ತದೆ. ನಮ್ಮ 1948ರ ಕಾರ್ಖಾನೆ ಕಾಯಿದೆ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಂಥ ಗಾಯವನ್ನು ವರದಿ ಮಾಡಬೇಕೆಂದಿತು. ಕೈಗೆ ಬ್ಯಾಂಡೇಜು ಕಟ್ಟಿಕೊಂಡವನನ್ನು ಮರುದಿನವೇ ಕರೆತಂದು ಗೇಟಿನ ಬಳಿ ಕುರ್ಚಿಯ ಮೇಲೆ ಕೂರಿಸುವ ಜಾಣತನಕ್ಕೆ ಅಂಥ ಗೆರೆಯೇ ಆಹ್ವಾನ. ವಿಮಾನಯಾನದವರು ಈ ಗಂಟನ್ನು ಬೇಗ ಬಿಡಿಸಿಕೊಂಡರು. 1976ರಲ್ಲಿ ಅಮೆರಿಕದಲ್ಲಿ ಪೈಲಟ್ಟುಗಳ ತಪ್ಪೊಪ್ಪಿಗೆಯ ವರದಿಗಳನ್ನು ಪಡೆಯುವ ಕೆಲಸವನ್ನು ಶಿಕ್ಷಿಸುವ ಅಧಿಕಾರವಿದ್ದ ಸಂಸ್ಥೆಗೆ ಕೊಡದೆ ನಾಸಾಕ್ಕೆ ವಹಿಸಿದರು, ಹೆಸರು ಗುಟ್ಟಾಗಿ ಉಳಿಯುವ ಭರವಸೆಯೊಂದಿಗೆ. ಕೇಳುವ ಕಿವಿ ಮತ್ತು ಹೊಡೆಯುವ ಕೈ ಒಂದೇ ದೇಹಕ್ಕೆ ಸೇರಿದ್ದರೆ ಯಾರೂ ನಿಜ ಹೇಳುವುದಿಲ್ಲ ಎಂಬ ಸರಳ ಅರಿವು ಅದರ ಹಿಂದಿತ್ತು. ತನಿಖೆಯ ಹೇಳಿಕೆಯನ್ನು ಕ್ಲೇಮಿನ ಅಧಿಕಾರಿ ತೆರೆಯಲಾಗದಂತೆ ತಂತ್ರಾಂಶದಲ್ಲೇ ಗೋಡೆ ಕಟ್ಟುವುದು ಇದರ ಇಂದಿನ ರೂಪ.

ಗಾಯವೇ ಆಗದ ಘಟನೆಗಳ ವಿಷಯದಲ್ಲಿ ಜೈನರ ಮಾತು ಬಹಳ ತೀಕ್ಷ್ಣ. ಡೈ ಇಳಿಯಿತು, ಕೈ ಕೂದಲೆಳೆಯಲ್ಲಿ ಪಾರಾಯಿತು, ಇದನ್ನು ಬರೆಯಬೇಕೇ? ಏನೂ ಆಗಲಿಲ್ಲವಲ್ಲ ಎನ್ನುವುದು ರೂಢಿಯ ಉತ್ತರ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆ ಎಂದು ಲಕ್ಷಣ ಹೇಳುತ್ತದೆ. ದ್ವೇಷ ಬೇಕಿಲ್ಲ, ಎಚ್ಚರಗೇಡಿತನವೇ ಸಾಕು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾರೆ: ಜೀವ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆದುಕೊಂಡವನಿಗೆ ಹಿಂಸೆ ತಪ್ಪಿದ್ದಲ್ಲ, ಎಚ್ಚರದಿಂದ ನಡೆದವನಿಗೆ ಕೇವಲ ಹಾನಿಯಾದ ಮಾತ್ರಕ್ಕೆ ಬಂಧವಿಲ್ಲ. ಅದೃಷ್ಟದಿಂದ ತಪ್ಪಿದ್ದನ್ನು ನೈತಿಕ ಲೆಕ್ಕದಲ್ಲಿ ಆದದ್ದೆಂದೇ ಹಿಡಿಯಬೇಕು ಎಂಬ ಈ ನಿಲುವಿಗಿಂತ ಬಲವಾದ ಆಧಾರ ಕೂದಲೆಳೆಯ ಘಟನೆಗಳ ದಾಖಲೆಗೆ ಸಿಗಲಾರದು. ಒಂದು ಎಚ್ಚರಿಕೆ ಬೇಕು. ಮುನಿಗೆ ಹೇಳಿದ ಎಚ್ಚರವನ್ನು ಆಪರೇಟರಿನ ಮೇಲೆ ಮಾತ್ರ ಹೇರಿದರೆ ಮತ್ತೆ ಅದೇ ಶೇ. 88ಕ್ಕೆ ಬಂದು ನಿಲ್ಲುತ್ತೇವೆ. ಎರಡು ಶಿಫ್ಟು ದುಡಿದ ಕಣ್ಣಿನಿಂದ ಎಚ್ಚರವನ್ನು ಬಯಸುವುದೇ ಪ್ರಮಾದ, ಮತ್ತು ಆ ಪ್ರಮಾದ ಶಿಫ್ಟಿನ ಪಟ್ಟಿ ಬರೆದವರದು.

ಪರಿಹಾರದ ಲೆಕ್ಕಕ್ಕೆ ಬಂದರೆ ಸಂಖ್ಯೆ ಬೇಕೇ ಬೇಕು ಎಂಬುದನ್ನು ಅಲ್ಲಗಳೆಯಲಾಗದು. 1923ರ ಕಾಯಿದೆಯ ಮೊದಲ ಅನುಸೂಚಿ ದೇಹವನ್ನು ಶೇಕಡಾವಾರು ವಿಂಗಡಿಸಿಟ್ಟಿದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7. ಇದನ್ನು ಓದಿ ಮೈ ಜುಂ ಎನ್ನುವವರಿದ್ದಾರೆ. ದೇಹಕ್ಕೆ ಬೆಲೆ ಕಟ್ಟುವುದೇ ಅಪಚಾರ ಎನ್ನುವವರೂ ಇದ್ದಾರೆ. ಆದರೆ ಬೆಲೆ ಕಟ್ಟದಿದ್ದ ಕಾಲದಲ್ಲಿ ಬೆರಳು ಪವಿತ್ರವಾಗಿರಲಿಲ್ಲ, ಪುಕ್ಕಟೆಯಾಗಿತ್ತು. ಕೋಷ್ಟಕ ಬಡವನಿಗೆ ದೊರೆತ ಮೊದಲ ಖಾತ್ರಿ. ಕೋಷ್ಟಕ ಎಲ್ಲಿ ಕುರುಡಾಗುತ್ತದೆ ಎಂಬುದನ್ನು ಒರಿಸ್ಸಾದ ಬಡಗಿಯೊಬ್ಬರ ಪ್ರಕರಣ ತೋರಿಸಿತು. ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸದಲ್ಲಿ ಬಿದ್ದು ಅವರ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಅನುಸೂಚಿ ನೋಡಿದರೆ ಅದು ಪೂರ್ಣ ನಷ್ಟವಲ್ಲ ಎಂದು ಮಾಲೀಕ ವಾದಿಸಿದ. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ಇದು ಪೂರ್ಣ ನಷ್ಟವೇ ಎಂಬ ಆಯುಕ್ತರ ತೀರ್ಮಾನವನ್ನು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಅಂಗದ ನಷ್ಟ ಒಂದು, ಆ ಅಂಗದಿಂದ ಬದುಕುತ್ತಿದ್ದವನ ನಷ್ಟ ಇನ್ನೊಂದು. ಸಂಕೇತಸಂಖ್ಯೆಗಳಿಲ್ಲದೆ ಸಾವಿರಾರು ಪ್ರಕರಣ ಎಣಿಸುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎಣಿಸಲು ಸಂಖ್ಯೆಯಿರಲಿ, ಆದರೆ ಸಂಖ್ಯೆಯನ್ನು ತಾರ್ಕಿಕವಾಗಿ ಮೀರುವ ಅಧಿಕಾರವೂ, ಮೀರಿದ್ದೇಕೆ ಎಂದು ಬರೆಯುವ ಜಾಗವೂ ಅದರ ಪಕ್ಕದಲ್ಲೇ ಇರಬೇಕು. ಪ್ರತಿಶತ ತುಂಬಿದೊಡನೆ ಮೊತ್ತವನ್ನು ತಾನೇ ಕಕ್ಕಿ, ತಿದ್ದಲು ಬಿಡದ ತಂತ್ರಾಂಶ ಕೋರ್ಟು 1975ರಲ್ಲಿ ತಿದ್ದಿದ ತಪ್ಪನ್ನೇ ವೇಗವಾಗಿ ಮಾಡುತ್ತದೆ.

‘ಘಟನೆಯ ದಿನಾಂಕ’ ಎಂಬ ಇನ್ನೊಂದು ಕಡ್ಡಾಯ ಖಾನೆ ಮೇಲ್ನೋಟಕ್ಕೆ ನಿರಪರಾಧಿ. ಕೋಲಾರದ ಚಿನ್ನದ ಗಣಿಗಳ ಮುಂದೆ ಅದು ನಿಲ್ಲುವುದಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಅಲ್ಲಿಂದಲೇ, 1947ರಲ್ಲಿ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಕಲೆಗಟ್ಟಿಸುತ್ತದೆ. ಸಾಮಾನ್ಯವಾಗಿ ಅದು ಹೊರಗೆ ಕಾಣಿಸಿಕೊಳ್ಳಲು ಹತ್ತು, ಇಪ್ಪತ್ತು ವರ್ಷ ಬೇಕು. ಗಣಿ 2001ರಲ್ಲಿ ಮುಚ್ಚಿತು, ದೂಳು ಕುಡಿದ ಎದೆಗಳು ಮುಚ್ಚಲಿಲ್ಲ. ಇಲ್ಲಿ ಘಟನೆ ಯಾವ ದಿನ ನಡೆಯಿತು? ಪ್ರತಿದಿನ ನಡೆಯಿತು, ಯಾವ ಒಂದು ದಿನವೂ ನಡೆಯಲಿಲ್ಲ. ಈ ಸಮಸ್ಯೆಗೆ 1923ರ ಕಾಯಿದೆ ಕೊಟ್ಟ ಉತ್ತರ ನಮ್ಮ ವಾದಕ್ಕೆ ತುಂಬ ಹತ್ತಿರದ್ದು. ಇಂಥ ರೋಗ ಹಲವು ಮಾಲೀಕರ ಬಳಿಯ ದುಡಿಮೆಯಿಂದ ಬಂದಿದ್ದರೆ ಅವರೆಲ್ಲರೂ ಆಯುಕ್ತರು ನ್ಯಾಯವೆಂದು ಕಂಡ ಪ್ರಮಾಣದಲ್ಲಿ ಪರಿಹಾರ ಹಂಚಿಕೊಳ್ಳಬೇಕು. ಹಲವು ಕರ್ತೃಗಳಿದ್ದರೆ ಹೊಣೆ ಕರಗಿಹೋಗುತ್ತದೆ ಎಂಬ ಭಯಕ್ಕೆ ಅಲ್ಲಿ ಅವಕಾಶವೇ ಇಲ್ಲ. ಹೊಣೆ ಭಾಗವಾಗುತ್ತದೆ, ಮೊತ್ತ ಉಳಿಯುತ್ತದೆ. ತಂತ್ರಾಂಶ ಬರೆಯುವವರಿಗೆ ಇದರಿಂದ ಒಂದು ಕಠಿಣ ಬೇಡಿಕೆ ಹುಟ್ಟುತ್ತದೆ. ಅಮೆರಿಕದಲ್ಲಿ ಗಾಯದ ದಾಖಲೆಯನ್ನು 5 ವರ್ಷ ಇಟ್ಟರೆ ಸಾಕು, ಆದರೆ ಹಾನಿಕಾರಕ ವಸ್ತುಗಳಿಗೆ ಒಡ್ಡಿಕೊಂಡ ದಾಖಲೆಯನ್ನು 30 ವರ್ಷ ಇಡಬೇಕು. ರೋಗಕ್ಕಿಂತ ಮೊದಲೇ ಸಾಯುವ ದಾಖಲೆ ರೋಗಿಯ ವಿರುದ್ಧ ಸಾಕ್ಷಿ ಹೇಳಿದ ಹಾಗೆ. ನಮ್ಮ ಗುತ್ತಿಗೆ ಕಾರ್ಮಿಕನಿಗಂತೂ ಉದ್ಯೋಗಿ ಸಂಖ್ಯೆಯೇ ಗುತ್ತಿಗೆ ಬದಲಾದಾಗಲೆಲ್ಲ ಬದಲಾಗುತ್ತದೆ; ಅವನ ದೇಹ ಒಂದೇ, ದಾಖಲೆಯಲ್ಲಿ ಅವನು ಐದಾರು ಜನ.

ಕಡೆಗೆ ವಂಚನೆಯ ಮಾತು. ಸುಳ್ಳು ಗಾಯ ತೋರಿಸಿ ಹಣ ಕೀಳುವವರಿಲ್ಲವೇ? ಇದ್ದಾರೆ. ಆದರೆ ಕ್ಲೇಮಿನ ತಂತ್ರಾಂಶಗಳಲ್ಲಿ ಕಾರ್ಮಿಕನ ಹೇಳಿಕೆಯ ಮೇಲೆ ಸಂಶಯದ ಬಾವುಟ ಏರಿಸುವ ನಿಯಮಗಳಿಗೆ ಸಿಗುವ ಆದರ ವರದಿಯೇ ಆಗದೆ ಮುಚ್ಚಿಹೋದ ಗಾಯವನ್ನು ಹುಡುಕುವ ನಿಯಮಗಳಿಗೆ ಸಿಗುವುದಿಲ್ಲ. ತಡವಾಗಿ ಹೇಳಿದವನ ಮೇಲೆ ಸಂಶಯ ಬರುತ್ತದೆ. ಅವನು ತಡಮಾಡಿದ್ದು ಕೆಲಸ ಹೋದೀತೆಂಬ ಹೆದರಿಕೆಯಿಂದ ಇರಬಹುದೆಂಬುದು ಯಂತ್ರಕ್ಕೆ ತಿಳಿಯುವುದಿಲ್ಲ, ತಿಳಿಸುವ ಖಾನೆಯೂ ಅದರಲ್ಲಿಲ್ಲ. ಸಂಶಯವನ್ನು ಎರಡೂ ಕಡೆ ಸಮವಾಗಿ ಹಂಚುವುದಾದರೆ ದಾಖಲೆಯ ಯಾವ ಸಾಲನ್ನೂ ಅಳಿಸಲಾಗದಂತೆ, ಯಾರು ಯಾವಾಗ ಏನು ಬದಲಿಸಿದರು ಎಂಬುದು ಉಳಿಯುವಂತೆ ಇರಬೇಕು. ಗಾಯಗೊಂಡವನು ತನ್ನ ಹೇಳಿಕೆಯನ್ನು ತನ್ನ ಭಾಷೆಯಲ್ಲಿ ಸೇರಿಸುವಂತೆ, ತನ್ನ ಬಗ್ಗೆ ಬರೆದದ್ದನ್ನು ಓದಿಸಿಕೊಂಡು ಕೇಳುವಂತೆ ಇರಬೇಕು. ಅಮೆರಿಕದ ವಿಮಾ ಕಂಪನಿಗಳಿಗಾಗಿ ಕ್ಲೇಮಿನ ತಂತ್ರಾಂಶ ಬರೆಯುವವರು ಬೆಂಗಳೂರಿನಲ್ಲೂ ಇದ್ದಾರೆ. ಪರದೆಯ ಮೇಲೆ ಯಾವ ಭಾಷೆ ಮೂಡಬೇಕು ಎಂಬುದು ಅವರಿಗೆ ಕಷ್ಟದ ಕೆಲಸವೇನಲ್ಲ, ಯಾರೂ ಕೇಳಿಲ್ಲ ಅಷ್ಟೆ. 1923ರ ಕಾಯಿದೆಯಲ್ಲೇ, ದೇಹಸ್ಥಿತಿ ಬದಲಾಗಿದೆ ಎಂದು ವೈದ್ಯರು ಬರೆದುಕೊಟ್ಟರೆ ಅರ್ಧಮಾಸಿಕ ಪಾವತಿಯನ್ನು ಮರುಪರಿಶೀಲಿಸಿ ಎಂದು ಮಾಲೀಕನೂ ಕೇಳಬಹುದು, ಕಾರ್ಮಿಕನೂ ಕೇಳಬಹುದು ಎಂದಿದೆ. ಆ ಕಾಯಿದೆಯ ವಿಷಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕಡತವನ್ನು ‘ಮುಕ್ತಾಯ’ ಎಂದು ಗುರುತಿಸುವ ಗುಂಡಿ ಹೆಚ್ಚಿನ ತಂತ್ರಾಂಶಗಳಲ್ಲಿ ಒಂದೇ ಪಕ್ಷದ ಪರದೆಯ ಮೇಲಿರುತ್ತದೆ. ಅದನ್ನು ಮತ್ತೆ ತೆರೆಯುವ ಗುಂಡಿಯನ್ನಾದರೂ ಇಬ್ಬರ ಪರದೆಯ ಮೇಲೂ ಇಡುವುದು ಎಂಜಿನಿಯರಿಗೆ ಒಂದು ಮಧ್ಯಾಹ್ನದ ಕೆಲಸ.